ನೂರು ಕಿಲೋಮೀಟರ್ ಓಡುವ ಬೈಕು

ಒಲೆ, ಹಾಸಿಗೆಗಳನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಮನೆಗಾಡಿಯೊಂದು ಪ್ರವಾಸ ಹೊರಟಿತು. ಜೊತೆಗೊಂದು ಎಲೆಕ್ಟ್ರಿಕ್ ಬೈಕು ಬೇಕಿತ್ತು. ಬೈಕಿನ ಅಂಗಡಿಯ ಮುಂದೆ ಗಾಡಿ ಇಂಜಿನ್ ಆರಿಸದೆಯೇ ಅಲ್ಲಿದ್ದ ಬೈಕುಗಳನ್ನು ಕೇಳಿತು: "ಬೇಗ ಹೇಳಿ, ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತೀರಿ?"

"ಮೂವತ್ತು ಕಿಲೋಮೀಟರ್," ಎಂದಿತು ಮಡಚುವ ಪುಟ್ಟ ಬೈಕು. "ನೀವು ನಿಂತ ಊರಿನ ಗಲ್ಲಿ ಸುತ್ತೋದಕ್ಕೆ ಅಷ್ಟು ಸಾಕಣ್ಣ."

"ಹೊರಡುವಾಗಲೇ ನಿಲ್ಲುವ ಮಾತೇ?" ಎಂದು ಗಾಡಿ ಗುರುಗುಟ್ಟಿತು.

"ನೂರು!" ಎಂದಿತು ದಪ್ಪ ಟೈರಿನ ದೊಡ್ಡ ಬೈಕು. ಗಾಡಿ ಅದನ್ನೇ ಬೆನ್ನಿಗೆ ಕಟ್ಟಿಸಿಕೊಂಡು ಓಡಿತು.

ಕಡಲತೀರ ಬಂತು. "ಇಳಿಸಣ್ಣ, ಒಂದು ಸುತ್ತು ಹೋಗಿಬರುತ್ತೇನೆ," ಎಂದಿತು ಬೈಕು.

"ಮುಂದೆ ಇದಕ್ಕಿಂತ ಚೆನ್ನಾಗಿರುತ್ತದೆ, ತಾಳು," ಎಂದಿತು ಗಾಡಿ. ಘಟ್ಟ ಬಂತು, ಕೋಟೆ ಬಂತು. ಗಾಡಿ ಅದೇ ಮಾತು ಹೇಳುತ್ತ ವೇಗ ಹೆಚ್ಚಿಸಿತು.

ಹತ್ತನೆಯ ದಿನ ಅದು ಅಂಗಡಿಗೆ ಮರಳಿ, ಇಂಜಿನ್ ಆರಿಸದೆಯೇ ಕೂಗಿತು: "ಪ್ರವಾಸ ಯಾಕೋ ರುಚಿಸಲಿಲ್ಲ. ಇನ್ನೂರು ಓಡುವುದು ಇದೆಯೇ?"

ಕೆಳಗಿಳಿಸಿದ ದೊಡ್ಡ ಬೈಕನ್ನು ಪುಟ್ಟದು ಕೇಳಿತು: "ಏನೇನು ನೋಡಿದೆಯಪ್ಪಾ?"

"ಕಡಲು, ಘಟ್ಟ, ಕೋಟೆ, ಎಲ್ಲವೂ ಹಿಂದೆ ಸರಿದು ಚಿಕ್ಕದಾಗುವುದನ್ನು ನೋಡಿದೆ," ಎಂದಿತು ದೊಡ್ಡದು. "ಟೈರಿಗೆ ಮಾತ್ರ ಇನ್ನೂ ಮಣ್ಣು ತಾಗಿಲ್ಲ."