ಕರಿನೂಲಿನ ಹೊದಿಕೆ, ಎಂಟು ಕಾಲಿನ ಗಾಡಿ

ಅಂದು ಸಂತೆಯ ಮರುದಿನ. ಹೊರೆ ಹೊರುವ ಸಣ್ಣೀರ ಒಣಮೆಣಸಿನಕಾಯಿಯ ಮೂಟೆ ಹೊತ್ತು, ಎಂದಿನಂತೆ ಸೀನುತ್ತಾ ಮಂಜುಗಿರಿಯ ಘಾಟಿ ಇಳಿದು ರಾಜಧಾನಿಗೆ ಬಂದ. ಪೇಟೆಯಲ್ಲಿ ಡಂಗುರ ಕೇಳಿಸಿತು.

“ಕೇಳ್ರಪ್ಪೋ ಕೇಳಿ! ದೊರೆ ಚಂದ್ರಸೇನರು ತಮ್ಮ ಕಾರಿನ ಕಬ್ಬಿಣದ ತಗಡು ಕಳಚಿಸಿ, ಕಾರ್ಬನ್ ಫೈಬರ್ ಎಂಬ ಕರಿನೂಲಿನ ಹಗುರ ಹೊದಿಕೆ ಹಾಕಿಸಬೇಕೆಂದಿದ್ದಾರೆ. ಅದರ ಬದಲಿಗೆ ರಾಜ್ಯದ ಉಪ್ಪಿನ ಮಡಿಗಳನ್ನೆಲ್ಲ ವ್ಯಾಪಾರಿಗೆ ಬಿಟ್ಟುಕೊಡಬೇಕು. ಕೊಳ್ಳಬೇಕೋ ಬೇಡವೋ ಎಂದು ಹೇಳುವವರು ಮೊದಲು ರಾಜಕುಮಾರಿ ಮಂದಾರೆಯ ಮೂರು ಒಗಟು ಬಿಡಿಸಲಿ. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!”

ದೊರೆಗೆ ಹಗುರದ ಹುಚ್ಚು ಯಾಕೆ ಹಿಡಿಯಿತೆಂದು ಊರಿಗೆಲ್ಲ ಗೊತ್ತಿತ್ತು. ಹತ್ತು ವರ್ಷದ ಹಿಂದೆ ಅವರು ಗಡಿಯಲ್ಲಿದ್ದಾಗ ರಾಣಿಗೆ ಕಾಯಿಲೆ ಬಿಗಡಾಯಿಸಿತ್ತು. ಬೆಟ್ಟದಾಚೆಯ ವೈದ್ಯರ ಮನೆಗೆ ಕಾರು ಹೊರಟಿತ್ತು. ರಾಣಿ ತಲುಪಿದ್ದು ತಡವಾಗಿ. ಕಾರು ಓಡಿಸುತ್ತಿದ್ದವನು ಹೆದರಿ ಊರನ್ನೇ ಬಿಟ್ಟ. ಕಾರು ಹಗುರವಾಗಿದ್ದರೆ ಬೇಗ ಹತ್ತುತ್ತಿತ್ತು, ಅವಳು ಉಳಿಯುತ್ತಿದ್ದಳು ಎಂಬುದೊಂದೇ ಅಂದಿನಿಂದ ದೊರೆಯ ಮಾತು.

ಸಣ್ಣೀರ ಮೂಟೆ ಇಳಿಸಿ ಎಡ ಹೆಗಲನ್ನು ಒತ್ತಿಕೊಂಡ. ಆ ಹೆಗಲ ಮೇಲೆ ರಾಣಿಯ ಋಣವೊಂದಿತ್ತು. ಅವನು ನೆಟ್ಟಗೆ ಅರಮನೆಗೆ ನಡೆದ.

ಸಭೆಯಲ್ಲಿ ಮಂದಾರೆ ಮೊದಲ ಒಗಟು ಹೇಳುತ್ತಿದ್ದಳು. “ಅಕ್ಕತಂಗಿಯರಿಬ್ಬರು. ಏಟು ಬಿದ್ದರೆ ಅಕ್ಕ ತಗ್ಗುತ್ತಾಳೆ, ತಟ್ಟಿದರೆ ಮತ್ತೆ ಸರಿಹೋಗುತ್ತಾಳೆ. ತಂಗಿ ಅಕ್ಕನಿಗಿಂತ ಗಟ್ಟಿ, ತಗ್ಗುವವಳಲ್ಲ. ಆದರೆ ಬಿರಿದರೆ ಸುತ್ತಿಗೆಗೆ ಸಿಗುವವಳಲ್ಲ. ಯಾರವರು?”

ನೆರೆನಾಡಿನ ಯುವರಾಜ ಉಗ್ರಬಾಹು ಮೀಸೆ ತೀಡಿ, “ಬಿದಿರು ಮತ್ತು ತೇಗ!” ಎಂದ. ಅವನನ್ನು ಪಕ್ಕಕ್ಕೆ ಕರೆದೊಯ್ದರು. ‘ಕೊಳ್ಳಿ’ ಎನ್ನಲು ಮುಂದೆ ಬಂದಿದ್ದ, ಹೊದಿಕೆ ತಂದ ವ್ಯಾಪಾರಿ ರತ್ನಪಾಲನಿಗೆ ಉತ್ತರ ಗೊತ್ತಿತ್ತು. ಹೇಳಿದರೆ ಮಾಲು ಮಾರಾಟವಾಗುವುದಿಲ್ಲ. ಹಿಂದೆ ಸರಿಯಲೂ ಆಗದೆ, “ಬಾಳೆ ಮತ್ತು ತೆಂಗು” ಎಂದ. ಅವನೂ ಪಕ್ಕಕ್ಕೆ ಹೋದ. ಕಟುಕ ಕತ್ತಿ ಒರೆಸಿದ. “ಎಲ್ಲರದೂ ಮುಗಿಯಲಿ, ಆಮೇಲೆ” ಎಂದಳು ಮಂದಾರೆ.

ಸಣ್ಣೀರ ಮುಂದೆ ಬಂದ. ಸಭೆ ನಕ್ಕಿತು. ಅವನು ಮಾತ್ರ ರತ್ನಪಾಲನತ್ತ ತಿರುಗಿ ಕೈಮುಗಿದ.

“ಸ್ವಾಮೀ, ನಿಮ್ಮ ಮಾಲನ್ನು ಘಾಟಿ ದಾಟಿಸಿದವನು ನಾನೇ. ಇಳಿಸಿದ ಹೊರೆಯ ಮಾತನ್ನು ನಾವು ಎಲ್ಲೂ ಆಡುವುದಿಲ್ಲ, ಅದು ನಮ್ಮ ಕಟ್ಟುಪಾಡು. ಹೊರೆಯ ಒಡೆಯ ‘ಹೇಳು’ ಅಂದರೆ ಮಾತ್ರ. ಹೇಳಲೇ?”

“ಹೇಳು ಮಾರಾಯ,” ಎಂದ ರತ್ನಪಾಲ. “ತಲೆಯೇ ಹೋಗುತ್ತಿರುವಾಗ ಮಾಲಿನ ಮರ್ಯಾದೆ ಕಾದು ಏನು ಮಾಡಲಿ?”

“ಅಕ್ಕ ಕಬ್ಬಿಣದ ತಗಡು, ತಂಗಿ ಕರಿನೂಲಿನ ಹೊದಿಕೆ. ದಾರಿಯಲ್ಲಿ ಒಂದು ಹೊದಿಕೆ ಬಂಡೆಗೆ ಬಡಿದು ಬಿರಿಯಿತು. ಇವರು ಅದನ್ನು ಅಲ್ಲೇ ಬಿಟ್ಟು ಬಂದರು.”

ಮಂದಾರೆ ತಲೆಯಾಡಿಸಿದಳು. “ಎರಡನೆಯದು. ಒಬ್ಬ ಡೊಳ್ಳುಹೊಟ್ಟೆಯವನು ಕಂಬಳಿ ಬಿಸಾಕಿ ರೇಷ್ಮೆ ಶಾಲು ಹೊದ್ದ. ಇನ್ನು ಜಿಂಕೆಯಂತೆ ಓಡುತ್ತೇನೆ ಎಂದ. ಓಡಲಿಲ್ಲ. ಯಾರವನು?”

“ಹೊದಿಕೆ ಬದಲಿಸಿದ ಕಾರು, ಅಮ್ಮಣ್ಣಿ. ಎಂಜಿನ್, ಚಕ್ರ, ಅಡಿಯ ಚೌಕಟ್ಟು, ಒಳಗೆ ಕೂತ ಜನ, ಭಾರವೆಲ್ಲ ಅಲ್ಲಿದೆ. ಹೊದಿಕೆ ಬರೀ ಶಾಲು.”

ಈ ಸಲ ಯಾರೂ ನಗಲಿಲ್ಲ. ಮಂದಾರೆಯ ದನಿ ಸಣ್ಣದಾಯಿತು. “ಮೂರನೆಯದು. ಎಂಟು ಕಾಲಿನ ಗಾಡಿ. ಎಂಜಿನ್ನಿಲ್ಲ, ಚಕ್ರವಿಲ್ಲ. ನಮ್ಮ ಕಾರು ನಿಂತಲ್ಲಿಂದ ಹೊರಟು ಬೆಟ್ಟ ದಾಟಿತು. ಏನದು?”

“ಎರಡು ಎತ್ತು,” ಎಂದು ಯಾರೋ ಪಿಸುಗುಟ್ಟಿದರು.

ಸಣ್ಣೀರ ತುಟಿ ಬಿಚ್ಚಲಿಲ್ಲ. ಕಟುಕ ಒಂದು ಹೆಜ್ಜೆ ಮುಂದಿಟ್ಟ.

“ಗೊತ್ತಿಲ್ಲವೇ?” ಎಂದರು ದೊರೆ.

“ಗೊತ್ತು ಒಡೆಯಾ. ಆದರೆ ಆ ಹೊರೆ ನಿಮ್ಮದು. ನೀವು ‘ಹೇಳು’ ಅನ್ನದೆ, ಕತ್ತಿ ಬಿದ್ದರೂ ಹೇಳುವ ಹಾಗಿಲ್ಲ.”

ದೊರೆ ಸಿಂಹಾಸನದಿಂದ ಎದ್ದು ನಿಂತರು. “ಹೇಳಪ್ಪಾ.”

“ಅಂದು ಸಂಜೆ ಘಾಟಿಯ ಮೂರನೆಯ ತಿರುವಿನಲ್ಲಿ ಬಂಡೆ ಜರಿದು ದಾರಿ ಮುಚ್ಚಿತ್ತು. ಕಾರು ಅದಕ್ಕೇ ನಿಂತಿತು. ಹೂವಿನಷ್ಟು ಹಗುರವಾಗಿದ್ದರೂ ನಿಲ್ಲುತ್ತಿತ್ತು ಒಡೆಯಾ. ನಾವು ನಾಲ್ವರು, ನಮ್ಮಪ್ಪ, ಇಬ್ಬರು ಚಿಕ್ಕಪ್ಪಂದಿರು, ನಾನು, ಹತ್ತಿರದ ಗುಡಿಸಲಿನಿಂದ ಮಂಚ ತಂದು ಅದರ ಮೇಲೆ ರಾಣಿಯಮ್ಮನವರನ್ನು ಮಲಗಿಸಿ ಹೊತ್ತೆವು. ಆ ಎಂಟು ಕಾಲು ನಮ್ಮವು. ಕೆಳಗಿಡಲು ಒಂದು ಕಟ್ಟೆಯೂ ಇರಲಿಲ್ಲ. ಅಷ್ಟು ನೋವಿನಲ್ಲೂ ಅವರು ಒಬ್ಬೊಬ್ಬರ ಹೆಸರು ಕೇಳಿದರು. ‘ಸಣ್ಣೀರಾ, ಹೆಗಲು ಬದಲಿಸಿಕೋ, ನನಗೇನೂ ಅವಸರವಿಲ್ಲ’ ಎಂದರು. ನನ್ನ ಹೆಗಲಿನ ನೋವು ವಿಚಾರಿಸಿದವರು ಅವರೊಬ್ಬರೇ.”

“ಆಗ ಮಂದಾರೆ ಎಲ್ಲಿದ್ದಳು?” ಎಂದರು ದೊರೆ.

“ಪುಟ್ಟ ಅಮ್ಮಣ್ಣಿ ಜೊತೆಗೇ ಇದ್ದರು. ಮಂಚದ ಪಕ್ಕದಲ್ಲಿ ಅವ್ವನ ಕೈ ಹಿಡಿದುಕೊಂಡೇ ನಡೆದರು. ವೈದ್ಯರ ಮನೆಯಲ್ಲಿ ಕೊನೆಯುಸಿರಿನವರೆಗೂ ಆ ಕೈ ಬಿಟ್ಟಿರಲಿಲ್ಲ.”

ಮಂದಾರೆ ಕಣ್ಣೊರೆಸಿಕೊಂಡಳು. “ಬಂಡೆ ಬಿತ್ತು, ಯಾರೋ ನಾಲ್ವರು ಹೊತ್ತರು ಎಂದು ನಾನು ಆಗಲೇ ಹೇಳಿದ್ದೆ, ಅಪ್ಪಾಜಿ. ಮಗುವಿನ ಮಾತೆಂದು ನೀವು ನಂಬಲಿಲ್ಲ. ಮಂಜಿನಲ್ಲಿ ಇವರ ಮುಖ ನನಗೆ ಕಾಣಲಿಲ್ಲ, ಹೆಸರೂ ನೆನಪುಳಿಯಲಿಲ್ಲ. ಒಂದು ಕೃತಜ್ಞತೆಯ ಮಾತು ಹೇಳಲು ಹತ್ತು ವರ್ಷ ಹುಡುಕಿದೆ. ಈ ಮೂರನೆಯ ಒಗಟು ಇಟ್ಟಿದ್ದೇ ಅದಕ್ಕೆ.”

ದೊರೆ ಮೆಟ್ಟಿಲಿಳಿದು ಬಂದು ಸಣ್ಣೀರನ ಎಡ ಹೆಗಲ ಮೇಲೆ ಕೈಯಿಟ್ಟರು.  “ಅವಳು ದಾರಿಯಲ್ಲಿ ಒಂಟಿಯಾಗಿರಲಿಲ್ಲ. ನನಗೆ ಇಷ್ಟು ತಿಳಿದರೆ ಸಾಕಿತ್ತು. ನಿಮ್ಮ ನಾಲ್ವರ ಉಪಕಾರ ದೊಡ್ಡದು,” ಎಂದರು. ಆಮೇಲೆ ಕೇಳಿದರು: “ಹೊದಿಕೆ ಕೊಳ್ಳಲೇ?”

“ಪಂದ್ಯಕ್ಕೆ ಬಿಡುವ ಕಾರಾದರೆ ಕೊಳ್ಳಿ ಒಡೆಯಾ. ಅಲ್ಲಿ ಒಂದು ಹಿಡಿ ಹಗುರವೂ ಗೆಲ್ಲಿಸುತ್ತದೆ. ಹೋಗಿಬರುವ ಕಾರಿಗೆ ಬೇಡ. ಉಪ್ಪಿನ ಮಡಿಗಳು ಜನರ ಬಳಿಯೇ ಇರಲಿ.”

“ಹಾಗೇ ಆಗಲಿ. ನಿನಗೇನು ಬೇಕು?”

“ಈ ಇಬ್ಬರ ತಲೆ ಉಳಿಸಿ. ಮೂರನೆಯ ತಿರುವಿನಲ್ಲಿ ಹೊರೆ ಇಳಿಸಲು ಒಂದು ಕಟ್ಟೆ ಕಟ್ಟಿಸಿ.”

ಯುವರಾಜ ಮೀಸೆಯ ಸುದ್ದಿಗೆ ಹೋಗದೆ ಊರಿಗೆ ಹೊರಟ. ರತ್ನಪಾಲ ಹೊದಿಕೆಗಳನ್ನು ವಾಪಸ್ ಕಟ್ಟಿಕೊಂಡ. ಘಾಟಿ ದಾಟಿಸಲು ಸಣ್ಣೀರನನ್ನೇ ಕರೆದ. ಮಳೆಗಾಲಕ್ಕೆ ಮೊದಲು ಕಟ್ಟೆ ಎದ್ದಿತು. ಮೊದಲ ಕಲ್ಲನ್ನು ದೊರೆ, ಮಂದಾರೆ, ಸಣ್ಣೀರನ ಅಪ್ಪ ಮೂವರೂ ಕೂಡಿ ಇಟ್ಟರು.

ಅದರ ಮೇಲೆ, ಹೊತ್ತು ತಂದ ಒಂದು ಮಂಚ ಇಳಿಸುವಷ್ಟು ಜಾಗವಿದೆ.