ವಲ್ಲಿಯ ಕೆಳಗಿನ ಬೆಲೆ

ಸಿರಿವಾಳ ರಾಜ್ಯದ ಸಮಸ್ತರೂ ಕಿವಿಗೊಡತಕ್ಕದ್ದು. ರಾಣಿ ಲಕುಮಾದೇವಿಯವರು ಮೂರು ಒಗಟು ಒಡ್ಡುವರು. ಮೂರನ್ನೂ ಬಿಡಿಸಿದವನು ಕೇಳಿದ್ದೊಂದನ್ನು ಬೊಪ್ಪದೇವ ಮಹಾರಾಜರು ಕೊಡುವರು. ಒಂದು ತಪ್ಪಿದರೂ ಅಮಾವಾಸ್ಯೆಯ ದಿನ ಆನೆಯ ಕಾಲಡಿ ತಲೆ.

ಹೀಗೆಂದು ಸಾರಿ ಡಂಗುರದವನು ಗಂಟಲು ಸರಿಮಾಡಿಕೊಂಡ. ಪಾಪ, ಅವನಿಗೂ ಬಿಡುವಿರಲಿಲ್ಲ. ನಿನ್ನೆಯ ಅಪ್ಪಣೆಯ ಎಡವಟ್ಟು ಸರಿಪಡಿಸಲು ಅರಮನೆಯಿಂದ ಇವತ್ತೊಂದು ಅಪ್ಪಣೆ ಹೊರಡುತ್ತಿದ್ದ ಕಾಲ ಅದು.

ಎಡವಟ್ಟಿನ ಮೂಲ ಎತ್ತಿನ ಸಂತೆ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ಮಾರುವವನ ಕೈಯನ್ನೂ ಕೊಳ್ಳುವವನ ಕೈಯನ್ನೂ ಸೇರಿಸಿ ದಲ್ಲಾಳಿ ಮೇಲೆ ತನ್ನ ಹೆಗಲ ವಸ್ತ್ರವನ್ನು, ಅಂದರೆ ವಲ್ಲಿಯನ್ನು, ಹೊದಿಸುತ್ತಾನೆ. ಒಳಗೆ ಬೆರಳು ಒತ್ತಿ, ಮಡಿಸಿ ಚೌಕಾಸಿ ನಡೆಯುತ್ತದೆ. ಪಕ್ಕದಲ್ಲಿ ನಿಂತವನಿಗೂ ಏನೂ ತಿಳಿಯುವುದಿಲ್ಲ. ಮಹಾರಾಜರು ಒಮ್ಮೆ ಇದನ್ನು ಕಂಡು, ಮುಚ್ಚಿಟ್ಟು ಮಾಡುವುದೆಲ್ಲ ಮೋಸವೆಂದುಕೊಂಡರು. ಮನುಷ್ಯ ಒಳ್ಳೆಯವರೇ, ಬಡವರಿಗೆ ಎತ್ತು ಅಗ್ಗವಾಗಲಿ ಎಂಬ ಆಸೆಯೂ ನಿಜ. ತಲೆನೋವು ಇರುವುದೇ ಅಲ್ಲಿ. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ವಲ್ಲಿ ಹೊದಿಸಿದರೆ ಮರಣದಂಡನೆ, ಎಲ್ಲ ಎತ್ತಿಗೂ ಅರಮನೆ ಕಟ್ಟಿದ್ದೇ ಬೆಲೆ ಎಂದು ಕಟ್ಟಳೆ ಮಾಡಿದರು. ಎಲ್ಲ ಎತ್ತಿಗೂ ನಾಲ್ಕೇ ಕಾಲಿರುವಾಗ ಬೆಲೆ ಮಾತ್ರ ಬೇರೆ ಏಕೆ ಎಂಬುದು ಅವರ ವಾದ.

ಮುಂದಿನ ಸಂತೆಗೆ ಮುದಿ ಎತ್ತು, ಕುಂಟೆತ್ತು ಬಂದವು. ಆಮೇಲೆ ಅವೂ ಬರಲಿಲ್ಲ. ಮಂತ್ರಿ ಸೋವರಸರು ಎತ್ತು ಹುಡುಕಲು ಒಂದು ಚಾವಡಿ ತೆರೆದರು. ಅದರ ಖರ್ಚಿಗೆಂದು ಎತ್ತಿನ ಲಾಳದ ಮೇಲೆ ಸುಂಕ ಹಾಕಿದರು. ಸಂತೆಗೆ ಎತ್ತೇ ಬಾರದಿರುವಾಗ ಲಾಳ ಯಾರು ಹೊಡೆಸುತ್ತಾರೆ ಸ್ವಾಮಿ? ಸುಂಕ ಯಾಕೆ ಬರಲಿಲ್ಲವೆಂದು ವಿಚಾರಿಸಲು ಇನ್ನೊಂದು ಚಾವಡಿ. ಈಗಿನವರು ಇದನ್ನು ಸಮಿತಿ ಎನ್ನುತ್ತಾರೆ. ಚಹಾ ಬಿಸ್ಕತ್ತು ಬಿಟ್ಟರೆ ಬೇರೆ ವ್ಯತ್ಯಾಸ ನನಗಂತೂ ಕಾಣುವುದಿಲ್ಲ.

ಈ ಕಟ್ಟಳೆ ಬೇಡವೆಂದು ಊಟಕ್ಕೆ ಕೂತಾಗಲೆಲ್ಲ ಗಂಡನಿಗೆ ಹೇಳಿ ಹೇಳಿ ರಾಣಿಗೆ ಸಾಕಾಗಿತ್ತು. ಮಹಾರಾಜರಿಗೆ ಒಗಟಿನ ಹುಚ್ಚು. ಹಾಗಾದರೆ ಒಗಟಿನಲ್ಲೇ ಕೇಳಿಸಿಕೊಳ್ಳಲಿ ಎಂದುಕೊಂಡಳು.

ಮೊದಲ ಒಗಟು ಹೀಗಿತ್ತು: "ಒಂದು ಜಗಳವಿದೆ. ಮುಗಿದ ಮೇಲೆ ಇಬ್ಬರೂ ತಾನೇ ಗೆದ್ದೆನೆಂದು ಮನೆಗೆ ಹೋಗುತ್ತಾರೆ. ಇಬ್ಬರ ಮಾತೂ ನಿಜ. ಯಾವ ಜಗಳ ಅದು?"

ಆಸ್ಥಾನ ಪಂಡಿತರು ವಿದ್ವಾಂಸರ ವಾದ ಎಂದರು. ಇಬ್ಬರೂ ಗೆದ್ದೆನೆನ್ನುವುದು ಸರಿ, ಇಬ್ಬರ ಮಾತೂ ನಿಜವಾದದ್ದನ್ನು ನೋಡಿಲ್ಲ ಎಂದು ರಾಣಿ ಅವರನ್ನು ಸೆರೆಮನೆಗೆ ಕಳಿಸಿದಳು. ದಳವಾಯಿ ಯುದ್ಧವೆಂದ. ಅವನೂ ಹೋದ. ಆಮೇಲೆ ಬಂದವನು ಎತ್ತಿಗೆ ಲಾಳ ಹೊಡೆಯುವ ನಿಂಗ. ಅವನ ಅಪ್ಪ, ದಲ್ಲಾಳಿ ಚಿಕ್ಕೀರಪ್ಪ, ಕೋಟೆಯ ಹಿಂದೆ ಹೊಂಗೆಮರದಡಿ ವಲ್ಲಿ ಹೊದಿಸಿ ಸಿಕ್ಕಿಬಿದ್ದಿದ್ದ. ಅಮಾವಾಸ್ಯೆಗೆ ಆನೆ ಕಾದಿತ್ತು. ಸೋತರೆ ಅಪ್ಪನ ಜೊತೆ ಮಗನೂ.

"ಚೌಕಾಸಿ, ತಾಯಿ," ಎಂದ ನಿಂಗ. "ಕೊಟ್ಟವನಿಗೆ ಎತ್ತಿಗಿಂತ ದುಡ್ಡು ದೊಡ್ಡದು. ಕೊಂಡವನಿಗೆ ದುಡ್ಡಿಗಿಂತ ಎತ್ತು ದೊಡ್ಡದು. ಇಲ್ಲದಿದ್ರೆ ಇಬ್ಬರೂ ಯಾಕೆ ಒಪ್ಕೊಂತಿದ್ರು?"

ರಾಣಿ ಎರಡನೆಯದನ್ನು ಒಡ್ಡಿದಳು. "ಬಾಯಿಲ್ಲದ ದೂತನೊಬ್ಬನಿದ್ದಾನೆ. ಕುದುರೆಯಿಲ್ಲದೆ ನೂರು ಊರಿಗೆ ಸುದ್ದಿ ಮುಟ್ಟಿಸುತ್ತಾನೆ. ಅವನನ್ನು ಕಟ್ಟಿಹಾಕಿದರೆ ಬಳಲುವುದು ಅವನಲ್ಲ, ಊರು. ಯಾರವನು?"

ನಿಂಗ ಯೋಚಿಸುತ್ತಿದ್ದ. ಅಷ್ಟರಲ್ಲಿ ಮಂತ್ರಿಗಳು ಡಂಗುರ ಎಂದುಬಿಟ್ಟರು. ಡಂಗುರ ಕಟ್ಟಿಹಾಕಿದರೆ ಊರು ಬಳಲುವುದಿಲ್ಲ, ಒಂದು ಹೊತ್ತು ನೆಮ್ಮದಿಯಾಗಿ ಮಲಗುತ್ತದೆ ಎಂದು ರಾಣಿ ಅವರನ್ನೂ ಸೆರೆಮನೆಗೆ ಹೊರಡಿಸಿದಳು. ಯಾರೂ ಕೇಳದೆ ಬಾಯಿ ಹಾಕುವುದು ಅವರ ಇಲಾಖೆಯ ಅಭ್ಯಾಸ.

"ಬೆಲೆ, ತಾಯಿ," ಎಂದ ನಿಂಗ. ಇಲ್ಲಿ ಎತ್ತಿನ ಬೆಲೆ ಏರಿದರೆ ಇಲ್ಲಿ ಎತ್ತು ಬೇಕಾಗಿದೆ ಎಂದು ಬಯಲುಸೀಮೆಗೆ ತಾನಾಗಿ ತಿಳಿಯುತ್ತದೆ, ಅವರು ಹೊಡೆದುಕೊಂಡು ಬರುತ್ತಾರೆ. ಬೆಲೆಯನ್ನು ಕಟ್ಟಿಹಾಕಿದ ದಿನವೇ ಸುದ್ದಿ ನಿಂತಿತು, ಎತ್ತನ್ನು ಯಾರೂ ಬಚ್ಚಿಟ್ಟಿಲ್ಲ, ಅವು ಕೊಟ್ಟಿಗೆಯಲ್ಲೇ ಮೇವು ತಿನ್ನುತ್ತಿವೆ ಎಂದು ಬಿಡಿಸಿ ಹೇಳಿದ.

ಮಹಾರಾಜರು ಕೂತಲ್ಲೇ ಮಿಸುಕಾಡಿದರು.

"ಕೊನೆಯದು," ಎಂದಳು ರಾಣಿ. "ಮುಚ್ಚಿದಷ್ಟೂ ಬೊಕ್ಕಸ ಬರಿದಾಗುತ್ತದೆ, ಬಿಚ್ಚಿದಷ್ಟೂ ತುಂಬುತ್ತದೆ. ಬೀಗವಲ್ಲ, ಬಾಗಿಲಲ್ಲ. ಎಲ್ಲರಿಗೂ ಇದೆ, ಆದರೆ ಒಬ್ಬರದು ಮಾತ್ರ ಊರಿಗೆಲ್ಲ ತಾಗುತ್ತದೆ."

ನಿಂಗನಿಗೆ ಉತ್ತರ ಥಟ್ಟನೆ ಹೊಳೆಯಿತು. ಹೇಳಿದರೆ ರಾಜರ ಕೋಪ, ಹೇಳದಿದ್ದರೆ ಆನೆ.

"ಬುದ್ಧಿ, ಅದು ತಮ್ಮ ಮುಷ್ಟಿ. ಸಂತೇನ ಅದರೊಳಗೆ ಬಿಗಿಹಿಡಿದ್ರೆ ಸುಂಕ ಬರಲ್ಲ, ಸಡಿಲ ಬಿಟ್ರೆ ತಾನಾಗಿ ಬರ್ತದೆ."

ಮಹಾರಾಜರು ಎದ್ದು ನಿಂತರು. "ಹಾಗಾದರೆ ವಲ್ಲಿ ಯಾಕೋ? ಮೋಸವಿಲ್ಲದಿದ್ದರೆ ಮುಚ್ಚುವುದೇಕೆ?"

ಮಗಳ ಮದುವೆಗೆಂದು ಆತುರದಲ್ಲಿ ಮಾರುವವನು ಕಡಿಮೆಗೆ ಒಪ್ಪಿರುತ್ತಾನೆ, ಅದು ಊರಿಗೆಲ್ಲ ಗೊತ್ತಾದರೆ ಅವನ ಮಾನ ಹೋಗುತ್ತದೆ, ಅದಕ್ಕೇ ವಲ್ಲಿ ಎಂದ ನಿಂಗ. ರಾಜರು ಇದನ್ನು ಯೋಚಿಸಿಯೇ ಇರಲಿಲ್ಲ. ಆದರೂ ಸೋಲಲು ಮನಸ್ಸು ಬಾರದೆ, "ಎಲ್ಲ ಎತ್ತಿಗೂ ನಾಲ್ಕೇ ಕಾಲಲ್ಲವೇನೋ?" ಎಂದರು.

"ಹೌದು ಬುದ್ಧಿ. ತಮ್ಮ ಪಟ್ಟದ ಕುದುರೆಗೂ ನಾಲ್ಕೇ. ಎತ್ತಿನ ಬೆಲೆಗೆ ಕೊಡ್ತೀರಾ?"

ಮೊದಲು ನಕ್ಕವಳು ರಾಣಿ. ಆಮೇಲೆ, ಬೇರೆ ದಾರಿಯಿಲ್ಲದೆ, ರಾಜರು. ಮೂರೂ ಉತ್ತರ ಸರಿಯೆಂದು ಒಪ್ಪಿ, ಏನು ಬೇಕೋ ಕೇಳು, ಅಪ್ಪನನ್ನು ಬಿಡಿಸಿಕೊಂಡು ಹೋಗು ಎಂದರು.

"ಅಪ್ಪನ್ನ ಬಿಟ್ರೆ ಮುಂದಿನ ಸಂತೆಗೆ ಮತ್ತೆ ಒಳಗಿರ್ತಾನೆ ಬುದ್ಧಿ, ಅವನ ಕೈ ಸುಮ್ನಿರಲ್ಲ. ಆ ಕಟ್ಟಳೇನೇ ತೆಗೆದುಬಿಡಿ."

ಕಟ್ಟಳೆ ಹೋಯಿತು. ಚಾವಡಿಗಳೂ ಲಾಳದ ಸುಂಕವೂ ಅದರ ಹಿಂದೆಯೇ ಹೋದವು. ರಾಣಿಯ ಮಾತಿನ ಮೇಲೆ ಪಂಡಿತರು, ದಳವಾಯಿ, ಮಂತ್ರಿಗಳು ತಲೆ ಉಳಿಸಿಕೊಂಡು ಮನೆಗೆ ನಡೆದರು. ಸಂತೆಯ ಮೇಲ್ವಿಚಾರಕನಾಗು ಎಂದು ರಾಜರು ನಿಂಗನನ್ನು ಒತ್ತಾಯಿಸಿದರು. ಅಂಥ ಹುದ್ದೆ ಇಲ್ಲದಿರುವುದೇ ಸಂತೆಗೆ ಕ್ಷೇಮವೆಂದು ಅವನು ಕೈಮುಗಿದ. ಆಗ ರಾಜರು ತಾವಾಗಿಯೇ ಅವನಿಗೊಂದು ಜೊತೆ ಹೋರಿ ಉಡುಗೊರೆ ಕೊಟ್ಟರು.

ಸೆರೆಮನೆಯ ಬಾಗಿಲಲ್ಲಿ ಮಗ ನಡೆದದ್ದನ್ನೆಲ್ಲ ಹೇಳಿದ. ಚಿಕ್ಕೀರಪ್ಪ ಹೋರಿಗಳ ಬಾಯಿ ಅಗಲಿಸಿ ಹಲ್ಲು ನೋಡಿದ, ಬೆನ್ನು ಸವರಿದ. ಆಮೇಲೆ ತಲೆ ಚಚ್ಚಿಕೊಂಡ.

"ಎದುರಿಗಿದ್ದವನು ಸಾಕ್ಷಾತ್ ಮಹಾರಾಜ. ಏನು ಬೇಕಾದ್ರೂ ಕೇಳು ಅಂತಾನೆ. ಮೊದಲನೇ ಮಾತಿಗೇ ಒಪ್ಕೊಂಡು ಬಂದ್ಯೇನೋ ನೀನು?"