ಬೇಲಿಯಾಚೆ ನಿಂತವನು

"ಗುರುಗಳೇ, ನಾನು ಎಲ್ಲರನ್ನೂ ಒಂದೇ ಸಮ ನೋಡಿಕೊಳ್ಳುತ್ತೇನೆ. ಆದರೂ ಆ ಹೆಣ್ಣುಮಗಳು ನನ್ನೆದುರು ಬಾಯಿ ಬಿಡುವುದಿಲ್ಲ. ಏಕೆ?"

ಕೇಳಿದವನು ಶಿಷ್ಯ ಚೆನ್ನಬಸವ. ಕುಡಿತ ಬಿಡಿಸುವ ಕೇಂದ್ರವೊಂದರಲ್ಲಿ ಅವನಿಗೆ ಕೆಲಸ. ಆ ಹೆಣ್ಣುಮಗಳು ಗುಣವಾಗಿ ಹೋಗಿ, ಮತ್ತೆ ಕುಡಿದು, ಮರಳಿ ಬಂದಿದ್ದಳು.

"ಅವಳನ್ನು ನೋಡಲು ಯಾರೂ ಬರುವುದಿಲ್ಲವೇ?"

"ಮನೆಯವರು ಯಾರೂ ಇಲ್ಲ. ಗೆಳತಿಯೊಬ್ಬಳು ದಿನಾ ಬಂದು ಗೇಟಿನಲ್ಲಿ ನಿಲ್ಲುತ್ತಾಳೆ. ಈಗಲೂ ನಿಂತಿರಬಹುದು. ಮನೆಯವರಲ್ಲದವರನ್ನು ನಾವು ಒಳಗೆ ಬಿಡುವುದಿಲ್ಲ."

ಗುರುಗಳು ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ಕುಡಿತ ಬಿಡಿಸುವುದರಲ್ಲಿ ಅವನದು ಎತ್ತಿದ ಕೈ. ಅವನಲ್ಲಿ ಒಂದು ಕಟ್ಟಳೆಯಿತ್ತು. ರೋಗಿಯ ಹೆಂಡತಿಗೆ ಒಳಗೆ ಜಾಗ, ಗೆಳೆಯರಿಗೆ ಬೇಲಿಯಾಚೆ. ಕುಡಿಸಿ ಕೆಡಿಸುವವರು ಗೆಳೆಯರೇ ಎಂಬುದನ್ನು ಅವನು ಎಷ್ಟೋ ಕಂಡಿದ್ದ.

ಒಬ್ಬ ಕುಂಬಾರ ಬಂದ. ಅವನನ್ನು ಹೊತ್ತು ತಂದ ಗೆಳೆಯ ಬೇಲಿಯಾಚೆ ನಿಂತ.

"ಹೆಂಡತಿ ಎಲ್ಲಿ?"

"ಇಲ್ಲ ಸ್ವಾಮಿ."

"ಅದಕ್ಕೇ ಈ ಗತಿ! ಒಂದು ಹೆಣ್ಣು ನೋಡಿ ಕಟ್ಟಿದರೆ ಕುಡಿತ ತಾನಾಗಿ ಬಿಡುತ್ತದೆ," ಎಂದು ವೈದ್ಯ ನಕ್ಕ. ಕುಂಬಾರನೂ ನಕ್ಕ. ನಗು ಬಂತಲ್ಲ, ಇನ್ನು ಗುಣವಾದ ಹಾಗೆಯೇ ಎಂದುಕೊಂಡ ವೈದ್ಯ.

ಕುಂಬಾರ ಮನೆಗೆ ಹೋದ. ಮತ್ತೆ ಕುಡಿದ. ಅದೇ ಗೆಳೆಯ ಮತ್ತೆ ಹೊತ್ತು ತಂದ. ಈ ಸಲ ಜೀವ ಉಳಿಯುವುದೇ ಕಷ್ಟವೆನಿಸಿತು.

ವೈದ್ಯನ ಕಣ್ಣು ಬೇಲಿಯತ್ತ ಹೋಯಿತು. ಗೆಳೆಯ ಕುಡಿದವನಂತೆ ಕಾಣಲಿಲ್ಲ. ಹೆಗಲ ಮೇಲೆ ಕುಂಬಾರನ ವಾಂತಿ ಇನ್ನೂ ಒಣಗಿರಲಿಲ್ಲ.

"ಅವನು ನಿನಗೆ ಏನಾಗಬೇಕು?" ಎಂದು ಕುಂಬಾರನನ್ನು ಕೇಳಿದ.

ಕುಂಬಾರ ಬಾಗಿಲ ಕಡೆ ನೋಡಿದ. ನಿಜ ಹೇಳಿದರೆ ಹೊರಗೆ ಹಾಕುತ್ತಾರೆ. ಹೇಳದಿದ್ದರೆ ಇನ್ನೊಮ್ಮೆ ಕುಡಿದು ಸಾಯುವುದೇ.

"ಹೆಂಡತಿ ಎಲ್ಲಿ ಎಂದು ಕೇಳಿದಿರಲ್ಲ ಸ್ವಾಮಿ... ನನ್ನ ಮನೆಯಲ್ಲಿ ಆ ಜಾಗ ಅವನದು."

ವೈದ್ಯ ಎದ್ದು ಹೋಗಿ ಬೇಲಿಯ ಬಾಗಿಲು ತೆಗೆದ. ಹೆಂಡತಿಯರಿಗೆಂದು ಇಟ್ಟಿದ್ದ ಚಾಪೆಯನ್ನು ತಾನೇ ಹಾಸಿದ.

"ಕೂತ್ಕೊಳ್ಳಪ್ಪ. ಮದ್ದು ಕೊಡುವ ಕ್ರಮ ಹೇಳುತ್ತೇನೆ, ಸರಿಯಾಗಿ ಕೇಳಿಕೋ."

ಕುಂಬಾರ ಅತ್ತ. ಅತ್ತು ಹಗುರಾಗಿ, ಗೆಳೆಯನ ಕೈಯಿಂದ ಗಂಜಿ ಕುಡಿದು ನಿದ್ದೆ ಹೋದ. ಅವನು ಗುಣವಾಗಿ ಹೋದ ಮೇಲೆ ಇಬ್ಬರೂ ಆ ಕಡೆ ಬಂದದ್ದು ಒಮ್ಮೆ ಮಾತ್ರ, ಹೊಸ ಹೂಜಿಯೊಂದನ್ನು ಕೊಟ್ಟು ಹೋಗಲು.

ಕತೆ ಮುಗಿಯಿತು.

"ಆದರೆ ಗುರುಗಳೇ, ನಮ್ಮಲ್ಲಿ ಎಲ್ಲರಿಗೂ ಒಂದೇ ಕಟ್ಟಳೆ..." ಎಂದು ಶುರುಮಾಡಿದ ಚೆನ್ನಬಸವ ಅಲ್ಲೇ ನಿಲ್ಲಿಸಿದ.

"ಏಳಪ್ಪ," ಎಂದರು ಗುರುಗಳು, "ಗೇಟಿನ ಹೊರಗೆ ಬಿಸಿಲಿದೆ."